ಜನಸಂಖ್ಯೆ 1,312 ಅಂತಿದೆ, ಹಟ್ಟಿಗೆ ಮಾತ್ರ ಬಸ್ಸಿಲ್ಲ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಊರಿನ ಜನಸಂಖ್ಯೆ 1,312 ಅಂತ ತೋರಿಸುತ್ತದೆ. ಇನ್ನೊಂದು ಕಡೆ 1,517 ಅಂತ ಇದೆ. ಬಸ್ ಸೌಲಭ್ಯ 'ಇದೆ', ರೈಲು ನಿಲ್ದಾಣ '10 ಕಿ.ಮೀ.ಗಿಂತ ದೂರ' ಅಂತಲೂ ಬರೆದಿದ್ದಾರೆ. ಆದರೆ ಊರಿಗೆ ಬರುವುದು ದಿನಕ್ಕೆ ಎರಡೇ ಬಸ್ಸು. ಊರಿಗೆ ಸೇರಿದ ಗೊಲ್ಲರಹಟ್ಟಿ 2 ಕಿ.ಮೀ. ಒಳಗಿದೆ, ಅಲ್ಲಿಗೆ ಮಣ್ಣಿನ ದಾರಿ, ಬಸ್ಸೇ ಇಲ್ಲ. ನಮ್ಮೂರಿನ ನಿಜವಾದ ಜನಸಂಖ್ಯೆ ತಿಳಿಯುವುದು ಹೇಗೆ? ಅದನ್ನು ತೋರಿಸಿ ರಸ್ತೆ, ಬಸ್ಸು ಕೇಳಬಹುದಾ?

ಉತ್ತರ: ನಮಸ್ಕಾರ. ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ 1,312 ಹಿಡಿದುಕೊಂಡು ಆಫೀಸಿಗೆ ಹೋದರೆ ರಸ್ತೆಯೂ ಸಿಗಲ್ಲ, ಬಸ್ಸೂ ಸಿಗಲ್ಲ. ರಸ್ತೆ ಬರುವುದು ಒಂದು ಲೆಕ್ಕದ ಮೇಲೆ, ಬಸ್ಸು ಬರುವುದು ಇನ್ನೊಂದು ಲೆಕ್ಕದ ಮೇಲೆ. ನಿಮಗೆ ಸಿಕ್ಕಿರುವುದು ಮೂರನೆಯ ಲೆಕ್ಕ. ಹಳ್ಳಿ ರಸ್ತೆ, ಬಸ್ ಮಾರ್ಗಗಳ ಸರ್ವೆ ಕೆಲಸದಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಳೆದಿದ್ದೇನೆ. ಅರ್ಜಿಗಳು ವಾಪಸ್ ಬರುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಬೇಡಿಕೆ ಸರಿಯಾಗೇ ಇರುತ್ತದೆ, ಜೊತೆಗಿಟ್ಟ ಅಂಕಿ ಮಾತ್ರ ಬೇರೆ ಯಾವುದೋ ಇರುತ್ತದೆ.

ಮೊದಲು ಆ 1,312 ಎಲ್ಲಿಂದ ಬಂತು ನೋಡೋಣ. ಅದು 2011ರ ಜನಗಣತಿಯದ್ದು. ಆ ವರ್ಷ ಫೆಬ್ರುವರಿ 9ರಿಂದ 28ರವರೆಗೆ ಮನೆಮನೆಗೆ ಹೋಗಿ ಎಣಿಸಿದರು, ಮಾರ್ಚ್ 1ರಿಂದ 5ರವರೆಗೆ ಮತ್ತೊಮ್ಮೆ ಬಂದು ಹುಟ್ಟು, ಸಾವು ಸೇರಿಸಿ ಸರಿಮಾಡಿಕೊಂಡರು. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಮುಂದಿನ ಗಣತಿಗೆ ಗೊತ್ತು ಮಾಡಿರುವ ದಿನ 2027ರ ಮಾರ್ಚ್ 1. ಅದರ ಊರುವಾರು ಅಂಕಿ ಕೈಗೆ ಬರುವ ತನಕ ಯಾವ ವೆಬ್‌ಸೈಟ್ ನೋಡಿದರೂ ಹಳ್ಳಿ ಮಟ್ಟದ ಸರ್ಕಾರಿ ಲೆಕ್ಕ ಅಂದರೆ 2011ರದ್ದೇ.

ಹಾಗಾದರೆ 1,517? ನಾನು ಸುಮ್ನೆ ಒಂದು ಗುಣಾಕಾರ ಮಾಡಿ ನೋಡಿದೆ. 2001ರಿಂದ 2011ರ ನಡುವೆ ಇಡೀ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಏರಿತ್ತು. 1,312ಕ್ಕೆ ಅಷ್ಟನ್ನು ಸೇರಿಸಿದರೆ ಸರಿಯಾಗಿ 1,517 ಬರುತ್ತದೆ! ಯಾರೋ ಹಾಗೇ ಗುಣಿಸಿ ಹಾಕಿದ್ದಾರೆ. ಆ 15.6ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಶೇ. 47ರ ಏರಿಕೆಯೂ ಸೇರಿದೆ. ಹಳ್ಳಿಗಾಡನ್ನಷ್ಟೇ ತೆಗೆದುಕೊಂಡರೆ ರಾಜ್ಯದಲ್ಲಿ ಏರಿದ್ದು ಶೇ. 7.4. ನಿಮ್ಮ ತುಮಕೂರು ಜಿಲ್ಲೆಯಲ್ಲಿ ಪೇಟೆ, ಹಳ್ಳಿ ಎಲ್ಲ ಸೇರಿ ಏರಿದ್ದು ಬರೀ ಶೇ. 3.65. ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ಹತ್ತು ವರ್ಷದಲ್ಲಿ ಜನ ಸ್ವಲ್ಪ ಕಡಿಮೆಯೇ ಆಗಿದ್ದರು. ಬೆಂಗಳೂರು ಬೆಳೆದ ಲೆಕ್ಕದಲ್ಲಿ ನಿಮ್ಮೂರನ್ನು ಬೆಳೆಸಿದರೆ ಹೇಗೆ, ಅಲ್ವಾ? ನಿಮ್ಮೂರಿನಿಂದಲೇ ಬೆಂಗಳೂರಿಗೆ ಹೋದ ಹುಡುಗರು ಅಲ್ಲಿಯ ಏರಿಕೆಯಲ್ಲಿದ್ದಾರೆ. ತಜ್ಞರ ಸಮಿತಿ ಮಾಡಿರುವ 2036ರವರೆಗಿನ ಅಧಿಕೃತ ಅಂದಾಜು ಇದೆ, ಆದರೆ ಅದು ರಾಜ್ಯ ಮಟ್ಟದ್ದು, ಹಳ್ಳಿ ಮಟ್ಟಕ್ಕೆ ಇಳಿಯುವುದಿಲ್ಲ. ಹಾಗಾಗಿ '2025ರ ಜನಸಂಖ್ಯೆ' ಅಂತ ಯಾವುದೇ ಹಳ್ಳಿಯ ಹೆಸರಿನ ಮುಂದೆ ಕಂಡರೆ ಅದನ್ನು ಅರ್ಜಿಯಲ್ಲಿ ಹಾಕಬೇಡಿ.

ಇನ್ನೊಂದು ವಿಷಯ. ಊರಲ್ಲಿ ಇದನ್ನು ಮಾತಾಡುವಾಗ ದಿನವಿಡೀ ವಾದ ನಡೆಯುತ್ತದೆ. 'ಗಣತಿಯವರು ನಮ್ಮ ಮನೆಯ ನಾಲ್ಕು ಜನರನ್ನು ಬಿಟ್ಟಿದ್ದಾರೆ' ಅಂತ ಹೇಳುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಎಷ್ಟೋ ಸಲ ಅದು ಬಿಟ್ಟಿದ್ದಲ್ಲ. ಎಣಿಕೆಯ ಅಷ್ಟೂ ದಿನ ಊರಲ್ಲಿ ಇಲ್ಲದವರನ್ನು ಊರಿನ ಲೆಕ್ಕಕ್ಕೆ ಸೇರಿಸುವುದಿಲ್ಲ, ಅವರು ಎಲ್ಲಿದ್ದರೋ ಅಲ್ಲಿ ಸೇರುತ್ತಾರೆ. ನಿಮ್ಮ ಕಡೆ ಫೆಬ್ರುವರಿ ಅಂದರೆ ರಾಗಿ, ಶೇಂಗಾ ಎಲ್ಲ ಮುಗಿದ ಕಾಲ. ಗಾರೆ ಕೆಲಸಕ್ಕೆ, ಗಾರ್ಮೆಂಟ್ಸ್‌ಗೆ ಹೋದವರು ಹೊರಗಿರುತ್ತಾರೆ. ರೇಷನ್ ಕಾರ್ಡಲ್ಲಿ, ಓಟರ್ ಲಿಸ್ಟಲ್ಲಿ ಅವರ ಹೆಸರು ಊರಲ್ಲೇ ಇರುತ್ತದೆ. ಅದಕ್ಕೇ ರೇಷನ್ ಕಾರ್ಡಿನ ಲೆಕ್ಕ ಜಾಸ್ತಿ, ಗಣತಿಯ ಲೆಕ್ಕ ಕಡಿಮೆ ಕಾಣುತ್ತದೆ. ಎರಡೂ ಸುಳ್ಳಲ್ಲ, ಎಣಿಸಿದ ರೀತಿ ಬೇರೆ.

   

ಈಗ ಮುಖ್ಯ ವಿಷಯಕ್ಕೆ ಬರೋಣ. ಗಣತಿಯಲ್ಲಿ 'ಹಳ್ಳಿ' ಅಂದರೆ ಕಂದಾಯ ಗ್ರಾಮ. ಸರ್ವೆ ನಂಬರ್‌ಗಳ ಒಂದು ಗಡಿ ಇರುತ್ತದಲ್ಲ, ಆ ಗಡಿಯೊಳಗೆ ಇರುವವರೆಲ್ಲ ಒಂದೇ ಊರು. ಪ್ರತಿ ಕಂದಾಯ ಗ್ರಾಮಕ್ಕೂ 2011ರಲ್ಲಿ 6 ಅಂಕಿಯ ಒಂದು ಕೋಡ್ ಕೊಟ್ಟಿದ್ದಾರೆ. ನಿಮ್ಮೂರು, ಊರಾಚೆಯ ಕಾಲೋನಿ, 2 ಕಿ.ಮೀ. ಒಳಗಿನ ಗೊಲ್ಲರಹಟ್ಟಿ, ತೋಟದ ಮನೆಗಳು, ಎಲ್ಲಕ್ಕೂ ಒಂದೇ ಕೋಡ್, ಒಂದೇ 1,312. ಇದರ ತದ್ವಿರುದ್ಧವೂ ಇದೆ. ಕರ್ನಾಟಕದ 29,340 ಕಂದಾಯ ಗ್ರಾಮಗಳಲ್ಲಿ 1,943ರಲ್ಲಿ 2011ರಲ್ಲಿ ಒಬ್ಬರೂ ವಾಸ ಇರಲಿಲ್ಲ. ಬೇಚಿರಾಕ್ ಗ್ರಾಮ ಅಂತೀವಲ್ಲ, ಅವು. ಜನ ಇಲ್ಲದ ಊರಿಗೆ ಕೋಡ್ ಇದೆ, ಜನ ತುಂಬಿದ ಹಟ್ಟಿಗೆ ಇಲ್ಲ.

ಬಸ್ ಸೌಲಭ್ಯ 'ಇದೆ' ಅಂತ ಬಂದಿರುವುದೂ ಇದರಿಂದಲೇ. ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಊರುವಾರು ಸೌಲಭ್ಯಗಳ ಪಟ್ಟಿ ಇರುತ್ತದೆ: ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ಆಟೊ, ರೈಲು, ಡಾಂಬರು ರಸ್ತೆ, ಜಲ್ಲಿ ರಸ್ತೆ, ಕಾಲುದಾರಿಯ ತನಕ. ಗ್ರಾಮದ ಗಡಿಯೊಳಗೆ ಒಂದು ಕಡೆ ಬಸ್ಸು ಬಂದರೆ ಸಾಕು, ಇಡೀ ಗ್ರಾಮಕ್ಕೆ 'ಇದೆ'. ದಿನಕ್ಕೆ ಒಂದೇ ಸಲ ಬಂದರೂ 'ಇದೆ', ಹತ್ತು ಸಲ ಬಂದರೂ 'ಇದೆ'. ಇಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಿದೆ ಅಂತ ಮೂರು ಗುರುತಲ್ಲಿ ಹೇಳುತ್ತಾರೆ: 5 ಕಿ.ಮೀ. ಒಳಗೆ, 5ರಿಂದ 10, ಇಲ್ಲವೇ 10ಕ್ಕಿಂತ ಜಾಸ್ತಿ. ನಿಮ್ಮ ರೈಲು ನಿಲ್ದಾಣದ '10ಕ್ಕಿಂತ ದೂರ' ಅಂದರೆ 11 ಕಿ.ಮೀ. ಇರಬಹುದು, 45 ಕಿ.ಮೀ.ಯೂ ಇರಬಹುದು.  

ರಸ್ತೆಯ ಲೆಕ್ಕ ಇದರಿಂದ ಪೂರ್ತಿ ಬೇರೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಶುರುವಾಯಿತು. ಹಳ್ಳಿ ರಸ್ತೆ ಬದಿಯಲ್ಲಿ ಕಿತ್ತಳೆ ಬಣ್ಣ ಬಳಿದ ಮೈಲಿಗಲ್ಲು ನೋಡಿರುತ್ತೀರಿ, ಆ ಯೋಜನೆಯ ಗುರುತು ಅದು. ಅದರಲ್ಲಿ ಲೆಕ್ಕಕ್ಕೆ ಬರುವುದು ಕಂದಾಯ ಗ್ರಾಮ ಅಲ್ಲ, ಜನವಸತಿ. ಅಂದರೆ ಜನ ಒಟ್ಟಾಗಿ ನೆಲೆ ನಿಂತ ಜಾಗ: ಮಜರೆ, ಹಟ್ಟಿ, ತಾಂಡಾ, ದೊಡ್ಡಿ, ಹೆಸರು ಏನೇ ಇರಲಿ. ಬಯಲು ಸೀಮೆಯಲ್ಲಿ ಆ ಜನವಸತಿಯಲ್ಲಿ 500 ಜನ ಇರಬೇಕು, ಎಲ್ಲ ಕಾಲಕ್ಕೂ ಓಡಾಡುವ ರಸ್ತೆಯಿಂದ ಕನಿಷ್ಠ 500 ಮೀಟರ್ ದೂರ ಇರಬೇಕು. ನಿಮ್ಮ ಹಟ್ಟಿ 2 ಕಿ.ಮೀ. ಒಳಗಿದೆ, ದಾರಿ ಮಣ್ಣಿನದು. ದೂರದ ಷರತ್ತು ಮುಗಿಯಿತು. ಉಳಿದಿದ್ದು ಆ 500.

ಯೋಜನೆಯ ನಾಲ್ಕನೆಯ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದೆ. ದೇಶದಲ್ಲಿ 25,000 ಜನವಸತಿಗಳಿಗೆ 62,500 ಕಿ.ಮೀ. ರಸ್ತೆ, 2028-29ರವರೆಗೆ. ಇದರಲ್ಲೂ 500ರ ಲೆಕ್ಕ 2011ರ ಗಣತಿಯದ್ದೇ. ಆದರೆ ಗಣತಿ ಪುಸ್ತಕದಲ್ಲಿ ಹಟ್ಟಿಯ ಸಂಖ್ಯೆಯೇ ಪ್ರತ್ಯೇಕವಾಗಿ ಇಲ್ಲವಲ್ಲ! ಅದನ್ನು ಕೆಳಗಿನಿಂದಲೇ, ಪಂಚಾಯ್ತಿ ಮತ್ತು ಎಂಜಿನಿಯರ್‌ಗಳ ಮಟ್ಟದಲ್ಲಿ ಬಿಡಿಸಿ ತೋರಿಸಬೇಕು. ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಒಂದು ಹಟ್ಟಿಯ ಪರವಾಗಿ ನಾನೇ ಅರ್ಜಿ ಬರೆದುಕೊಟ್ಟಿದ್ದೆ, ಗ್ರಾಮದ ಒಟ್ಟು ಜನಸಂಖ್ಯೆ ಹಾಕಿ. 'ಈ ಗ್ರಾಮಕ್ಕೆ ಈಗಾಗಲೇ ಸಂಪರ್ಕ ಇದೆ' ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದರು. ಮುಖ್ಯ ಊರಿಗೆ ಡಾಂಬರು ಇತ್ತು, ಅಷ್ಟೇ ಸಾಕಾಯಿತು. ಆ ಹಟ್ಟಿಯವರು ಇನ್ನೂ ಎರಡು ಮಳೆಗಾಲ ಕೆಸರಲ್ಲಿ ನಡೆದರು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

500 ತುಂಬದಿದ್ದರೆ ಕೈಚೆಲ್ಲಬೇಡಿ. ಬಯಲು ಸೀಮೆಯಲ್ಲಿ 500 ಮೀಟರ್ ತ್ರಿಜ್ಯದ ಒಳಗಿರುವ ಜನವಸತಿಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಬಹುದು ಅಂತ ಈ ಯೋಜನೆಯ ನಿಯಮದಲ್ಲೇ ಇದೆ. ಹಟ್ಟಿಯಲ್ಲಿ 340 ಜನ, ಪಕ್ಕದ ಕಾಲೋನಿಯಲ್ಲಿ 180 ಜನ ಅಂದುಕೊಳ್ಳಿ, ನಡುವೆ 400 ಮೀಟರ್. ಎರಡನ್ನೂ ಬೇರೆ ಬೇರೆ ಬರೆದರೆ ಎರಡೂ ಬಿದ್ದುಹೋಗುತ್ತವೆ. ಸೇರಿಸಿ ಬರೆದರೆ 520. ಪಕ್ಕದ ಜನವಸತಿ ಬೇರೆ ಪಂಚಾಯ್ತಿಗೆ ಸೇರಿದ್ದರೂ ಎಂಜಿನಿಯರ್ ಹತ್ತಿರ ಈ ಮಾತು ಎತ್ತಿ. ಸಾಮಾನ್ಯವಾಗಿ ಊರವರು ಈ ನಿಯಮವನ್ನೇ ಕೇಳಿರುವುದಿಲ್ಲ.

ಎಣಿಸುವುದು ಹೇಗೆ ಅಂದರೆ, ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಮನೆಮನೆಯ ಸರ್ವೆ ರಿಜಿಸ್ಟರ್ ಇರುತ್ತದೆ. ಹಳ್ಳಿಯ ಜನರ ಬಗ್ಗೆ ಅದಕ್ಕಿಂತ ತಾಜಾ ಪುಸ್ತಕ ನಾನು ನೋಡಿಲ್ಲ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮಗು ಯಾವಾಗ ಹುಟ್ಟಿತು, ಯಾರು ಮನೆಗೆ ಬೀಗ ಹಾಕಿ ಹೋದರು, ಎಲ್ಲ ಅದರಲ್ಲಿ ಇರುತ್ತದೆ. ಆಶಾ ಕಾರ್ಯಕರ್ತೆಯ ಹತ್ತಿರವೂ ಹೀಗೇ ಇದೆ. ಅವರಿಬ್ಬರನ್ನೂ, ಪಂಚಾಯ್ತಿಯ ಬಿಲ್ ಕಲೆಕ್ಟರನ್ನೂ ಕೂರಿಸಿಕೊಂಡು ಹಟ್ಟಿಯ ಮನೆ ನಂಬರ್ ಪ್ರಕಾರ ಒಂದು ಪಟ್ಟಿ ಮಾಡಿ. ಇರುವವರು ಎಷ್ಟು, ಹೆಸರು ಇದ್ದು ಹೊರಗಿರುವವರು ಎಷ್ಟು, ಎರಡು ಕಾಲಂ ಬೇರೆ ಬೇರೆ ಇರಲಿ. ಹೊರಗಿರುವವರನ್ನು ಒಳಗೆ ತೂರಿಸಬೇಡಿ, ಸ್ಥಳ ಪರಿಶೀಲನೆಗೆ ಬಂದವರು ಬೀಗ ಹಾಕಿದ ನಾಲ್ಕು ಮನೆ ಕಂಡರೆ ಇಡೀ ಪಟ್ಟಿಯನ್ನೇ ನಂಬುವುದಿಲ್ಲ. ಆಮೇಲೆ 2011ರಲ್ಲಿ ಇದೇ ಹಟ್ಟಿಯಲ್ಲಿ ಎಷ್ಟು ಮನೆ ಇತ್ತು ಅಂತ ಹಳೆಯ ಕಂದಾಯ ರಿಜಿಸ್ಟರಿನಿಂದ ಒಂದು ಸಾಲು ಸೇರಿಸಿ. ವಾರ್ಡ್ ಸಭೆಯಲ್ಲಿ ಓದಿ, ಗ್ರಾಮಸಭೆಯಲ್ಲಿ ನಡಾವಳಿ ಬರೆಸಿ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸಹಿ ಹಾಕಿಸಿ. ಈ ಕಾಗದ ಇಟ್ಟುಕೊಂಡು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಹೋಗಿ. ಲೋಕೋಪಯೋಗಿ ಇಲಾಖೆಗೆ ಹೋದರೆ ಸುತ್ತಾಟ ಅಷ್ಟೇ, ಅವರು ನೋಡಿಕೊಳ್ಳುವುದು ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳನ್ನು.

ಹಟ್ಟಿಯನ್ನೇ ಪ್ರತ್ಯೇಕ ಕಂದಾಯ ಗ್ರಾಮ ಮಾಡಿಸುವ ದಾರಿಯೂ ಇದೆ. ಕರ್ನಾಟಕದಲ್ಲಿ ದಾಖಲೆ ಇಲ್ಲದ ತಾಂಡಾ, ಹಟ್ಟಿ, ಹಾಡಿಗಳಿಗೆ ಈ ಕೆಲಸ ನಡೆದಿದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ಸುಮಾರು 1,475 ಜನವಸತಿಗಳನ್ನು ಕಂದಾಯ ಗ್ರಾಮ ಅಂತ ಘೋಷಿಸಿ, 2023ರ ಜನವರಿಯಲ್ಲಿ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ತಹಶೀಲ್ದಾರ್ ಕಚೇರಿಯಲ್ಲಿ ನಿಮ್ಮ ಹಟ್ಟಿಯ ಕಡತ ಇದೆಯಾ ವಿಚಾರಿಸಿ. ಇದು ನಿಧಾನದ ಕೆಲಸ, ರಸ್ತೆಯ ಅರ್ಜಿಯನ್ನು ಇದಕ್ಕೆ ಕಟ್ಟಿ ಹಾಕಬೇಡಿ.

ಇನ್ನು ಬಸ್ಸು. ಬಸ್ಸಿಗೆ ನಿಮ್ಮೂರಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ಬೇಕಾಗಿಲ್ಲ. ಬೆಳಿಗ್ಗೆ ಏಳೂವರೆಗೆ ಎಷ್ಟು ಜನ ಹತ್ತುತ್ತಾರೆ, ಸಂಜೆ ಐದಕ್ಕೆ ಎಷ್ಟು ಜನ ಇಳಿಯುತ್ತಾರೆ ಅನ್ನುವುದು ಬೇಕು. 3,000 ಜನರ ಊರಿಗೆ ಟ್ರಿಪ್ ನಿಂತುಹೋಗಿದ್ದನ್ನು ನೋಡಿದ್ದೇನೆ, ಅಲ್ಲಿ ಮನೆಗೊಂದು ಬೈಕ್. 600 ಜನರ ಊರಿಗೆ ದಿನಕ್ಕೆ ಐದು ಟ್ರಿಪ್ ಓಡಿದ್ದನ್ನೂ ನೋಡಿದ್ದೇನೆ, ಅಲ್ಲಿಂದ ದಿನಾ ನಲವತ್ತು ಹೆಣ್ಣುಮಕ್ಕಳು ಕಾಲೇಜಿಗೂ ಗಾರ್ಮೆಂಟ್ಸ್‌ಗೂ ಹೋಗುತ್ತಿದ್ದರು.

ಅದಕ್ಕೆ ನೀವೇ ಕೂತು ಎಣಿಸಬೇಕು. ಹಟ್ಟಿಯ ದಾರಿ ರಸ್ತೆಗೆ ಸೇರುವ ಕೈಮರದ ಹತ್ತಿರ ಬೆಳಿಗ್ಗೆ 6ರಿಂದ 10, ಮಧ್ಯಾಹ್ನ 3ರಿಂದ ರಾತ್ರಿ 8. ಒಂದು ಸೋಮವಾರ, ಒಂದು ಸಂತೆ ದಿನ, ಒಂದು ಮಾಮೂಲಿ ದಿನ. ಯಾರು, ಎಲ್ಲಿಗೆ, ಯಾವುದರಲ್ಲಿ ಹೋದರು: ನಡೆದು, ಬೈಕ್ ಹಿಂದೆ ಕೂತು, ಆಟೊದಲ್ಲಿ, ಟ್ರ್ಯಾಕ್ಟರಲ್ಲಿ. ಹೀಗೆ ಎಣಿಸುತ್ತಾ ಒಂದು ಕೈಮರದಲ್ಲಿ ಕೂತಿದ್ದಾಗ ಹಟ್ಟಿ ಕಡೆಯಿಂದ ಆರು ಹುಡುಗಿಯರು ಬಂದರು. ಹಿಂದಿನ ರಾತ್ರಿ ಮಳೆ. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಕವರ್, ಒಳಗೆ ಸ್ಕೂಲ್ ಶೂ. ಕೈಮರದ ಕಲ್ಲಿನ ಮೇಲೆ ಕೂತು, ಬಾಟಲಿಯ ನೀರಲ್ಲಿ ಕಾಲು ತೊಳೆದುಕೊಂಡು, ಸಾಕ್ಸ್ ಹಾಕಿ, ಶೂ ಕಟ್ಟಿಕೊಂಡರು. ಕೆಸರಿನ ಚಪ್ಪಲಿಗಳನ್ನು ಬೇಲಿಯ ಸಂದಿಯಲ್ಲಿ ಸಾಲಾಗಿ ಇಟ್ಟರು, ಸಂಜೆ ಮತ್ತೆ ಬೇಕಲ್ಲ. ಅಷ್ಟರಲ್ಲಿ ಬಸ್ಸು ಬಂತು, ಕೈ ಅಡ್ಡ ಹಾಕಿದರು, ತುಂಬಿದ್ದ ಬಸ್ಸು ನಿಲ್ಲಲಿಲ್ಲ. ನನ್ನ ಹಾಳೆಯಲ್ಲಿ 'ಬಸ್ ಹತ್ತಿದವರು: 0' ಅಂತ ಬರೆಯಬೇಕಾಯಿತು. ಅವತ್ತಿನಿಂದ ನಾನು ಇನ್ನೊಂದು ಕಾಲಂ ಹಾಕುತ್ತೇನೆ: 'ಕಾದವರು, ಹತ್ತಲು ಆಗದವರು'. ನೀವೂ ಹಾಕಿ. ಡಿಪೋದ ಯಾವ ದಾಖಲೆಯಲ್ಲೂ ಈ ಅಂಕಿ ಸಿಗುವುದಿಲ್ಲ.

ಡಿಪೋಗೆ ಕಾಣುವುದು ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಮಷೀನ್ ಏನು ಹೇಳುತ್ತದೋ ಅಷ್ಟೇ. ಅದರಲ್ಲಿ ನಿಮ್ಮೂರಿನ ಸ್ಟೇಜ್, ಅಂದರೆ ಟಿಕೆಟ್ ದರ ಲೆಕ್ಕ ಹಾಕುವ ನಿಲ್ದಾಣ, ಇಲ್ಲದಿದ್ದರೆ ನಿಮ್ಮವರಿಗೆ ಹಿಂದಿನ ಊರಿನಿಂದ ಟಿಕೆಟ್ ಹರಿಯುತ್ತದೆ, ಲೆಕ್ಕದಲ್ಲಿ ಜನ ಆ ಊರಿನವರಾಗುತ್ತಾರೆ. ನಿಮ್ಮ ಟಿಕೆಟ್ ಒಂದನ್ನು ತೆಗೆದು ನೋಡಿ, ಎಲ್ಲಿಂದ ಎಲ್ಲಿಗೆ ಅಂತ ಮುದ್ರಿಸಿರುತ್ತದೆ. ನಿಮ್ಮೂರ ಹೆಸರು ಇಲ್ಲದಿದ್ದರೆ ಮೊದಲ ಅರ್ಜಿ ಸ್ಟೇಜ್ ಸೇರಿಸಿ ಅಂತಲೇ ಇರಲಿ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಬಂದಿದೆ, ಹೆಂಗಸರಿಗೆ ಪ್ರಯಾಣ ಉಚಿತ. 'ದುಡ್ಡೇ ಇಲ್ಲವಲ್ಲ, ಟಿಕೆಟ್ ಯಾಕೆ' ಅಂತ ಸುಮ್ಮನೆ ಕೂರುವವರಿಗೆ ದಯವಿಟ್ಟು ಹೇಳಿ: ಶೂನ್ಯ ಟಿಕೆಟ್ ಕೇಳಿ ತೆಗೆದುಕೊಳ್ಳಬೇಕು. ಸರ್ಕಾರ ಸಾರಿಗೆ ನಿಗಮಕ್ಕೆ ಹಣ ಕೊಡುವುದು ಆ ಟಿಕೆಟ್‌ಗಳ ಲೆಕ್ಕದಲ್ಲಿ. ಟಿಕೆಟ್ ಹರಿಯದಿದ್ದರೆ ತುಂಬಿದ ಬಸ್ಸೂ ಕಾಗದದಲ್ಲಿ ಖಾಲಿ ಬಸ್ಸು.

ಕೇಳುವುದನ್ನೂ ಸ್ವಲ್ಪ ಜಾಣತನದಿಂದ ಕೇಳಿ. 'ನಮ್ಮೂರಿಗೆ ಹೊಸ ಬಸ್ಸು ಬಿಡಿ' ಅಂದರೆ ಡಿಪೋ ಮ್ಯಾನೇಜರ್‌ಗೆ ಒಂದು ಗಾಡಿ, ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್ ಹುಡುಕಬೇಕು, ಅದು ಅವರ ಕೈಯಲ್ಲಿ ಇರುವುದಿಲ್ಲ. ಈಗ ಓಡುತ್ತಿರುವ ಟ್ರಿಪ್ಪನ್ನೇ ಹಟ್ಟಿಯ ತನಕ ಎಳೆಯಿರಿ, ಇಲ್ಲವೇ ಸಮಯ 20 ನಿಮಿಷ ಹಿಂದಕ್ಕೆ ತನ್ನಿ ಅಂದರೆ ಕೆಲಸ ಸಲೀಸು. ಆದರೂ 2 ಕಿ.ಮೀ. ಒಳಗೆ ಹೋಗಿ ಬಂದರೆ 4 ಕಿ.ಮೀ., ಹತ್ತರಿಂದ ಹದಿನೈದು ನಿಮಿಷ. ಮುಂದಿನ ಊರಲ್ಲಿ ಕಾಯುವ ಮಕ್ಕಳಿಗೆ ಅದರಿಂದ ತಡವಾಗಬಾರದು, ಅವರೊಂದಿಗೂ ಮೊದಲೇ ಮಾತಾಡಿ. ಬೆಳಗಿನ ಮೊದಲ ಬಸ್ಸು ಬೇಕಿದ್ದರೆ ರಾತ್ರಿ ಹಾಲ್ಟ್ ಬಸ್ಸು ಕೇಳಿ, ರಾತ್ರಿ ಬಂದು ಊರಲ್ಲೇ ಮಲಗಿ ಆರಕ್ಕೆ ಹೊರಡುವ ಬಸ್ಸು. ಅದಕ್ಕೆ ಡ್ರೈವರ್, ಕಂಡಕ್ಟರ್ ಮಲಗಲು ಒಂದು ಕೋಣೆ, ನೀರು, ಶೌಚಾಲಯ ಪಂಚಾಯ್ತಿಯಿಂದ ಕೊಡುತ್ತೇವೆ ಅಂತ ಬರೆದುಕೊಡಿ. ಗುಡಿಯ ಜಗಲಿ ತೋರಿಸಿ ಮಲಗಿ ಅಂದ ಊರುಗಳಲ್ಲಿ ಹಾಲ್ಟ್ ಬಸ್ಸು ಹೆಚ್ಚು ದಿನ ನಿಂತಿದ್ದು ನಾನು ಕಂಡಿಲ್ಲ. ಅರ್ಜಿ ಡಿಪೋಗೆ ಒಂದು, ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಪ್ರತಿ.

ರಸ್ತೆ ಆದ ಮೇಲೂ ಬಸ್ಸು ಬರದೇ ಇರುವುದಕ್ಕೆ ಚಿಕ್ಕ ಚಿಕ್ಕ ಕಾರಣಗಳು ಇರುತ್ತವೆ. ಗ್ರಾಮ ಸಡಕ್ ರಸ್ತೆಯ ಡಾಂಬರಿನ ಅಗಲ 3.75 ಮೀಟರ್, ಓಡಾಟ ಕಡಿಮೆ ಇದ್ದರೆ 3 ಮೀಟರ್. ಬಸ್ಸಿನ ಅಗಲವೇ ಸುಮಾರು ಎರಡೂವರೆ ಮೀಟರ್. ಎದುರಿಗೆ ಟ್ರ್ಯಾಕ್ಟರ್ ಬಂದರೆ ಬದಿಯ ಮಣ್ಣಿಗೆ ಇಳಿಯಲೇಬೇಕು, ಅಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತಿರುತ್ತದೆ. ಮುಳ್ಳು ಕಿಟಕಿಗೆ ಕೆರೆಯುತ್ತದೆ, ಕೈ ಹೊರಗಿಟ್ಟ ಮಗುವಿಗೆ ಗಾಯ ಆಗುತ್ತದೆ, ಡ್ರೈವರ್ 'ಈ ರೂಟ್ ಬೇಡ' ಅನ್ನುತ್ತಾನೆ. ಜೋತುಬಿದ್ದ ಕರೆಂಟ್ ತಂತಿ, ಕುಸಿದ ಮೋರಿ, ಬಸ್ಸು ತಿರುಗಿಸಲು ಜಾಗ ಇಲ್ಲದ್ದು, ಇವೂ ಅಷ್ಟೇ. ಡಿಪೋದವರು ರೂಟ್ ಸರ್ವೆಗೆ ಬರುವ ಮೊದಲೇ ಇಷ್ಟನ್ನು ಮುಗಿಸಿಕೊಳ್ಳಿ. ಹೊಸ ರಸ್ತೆಯನ್ನು ಐದು ವರ್ಷ ನೋಡಿಕೊಳ್ಳುವ ಹೊಣೆ ಗುತ್ತಿಗೆದಾರರದ್ದೇ, ಅವರ ಹೆಸರು, ಅವಧಿ ಎಲ್ಲ ರಸ್ತೆ ಶುರುವಾಗುವಲ್ಲಿ ಬೋರ್ಡಿನಲ್ಲಿ ಇರುತ್ತದೆ. ಜಾಲಿ ಕಡಿಸಿ ಅಂತ ಅವರನ್ನೇ ಕೇಳಿ.

ರೈಲಿನ ಬಗ್ಗೆ ಒಂದು ಮಾತು. ತುಮಕೂರಿನಿಂದ ಸಿರಾ, ಚಿತ್ರದುರ್ಗದ ಮೇಲೆ ದಾವಣಗೆರೆಗೆ, ಇನ್ನೊಂದು ಕಡೆ ರಾಯದುರ್ಗಕ್ಕೆ ಹೊಸ ಮಾರ್ಗಗಳ ಕೆಲಸ ಕೈಗೆತ್ತಿಕೊಂಡಿದ್ದಾರೆ. ನಿಮ್ಮೂರು ಈ ಎರಡರಲ್ಲಿ ಯಾವುದಕ್ಕೆ ಹತ್ತಿರವೋ ಅದನ್ನು ನೋಡಿಕೊಳ್ಳಿ. ಸದ್ಯದ ಅರ್ಜಿಯಲ್ಲಿ ಮಾತ್ರ ರೈಲನ್ನು ಸೇರಿಸಬೇಡಿ.

ಮೊದಲು ಹಟ್ಟಿಯ ಮನೆ ಪಟ್ಟಿ ಮಾಡಿ. ಮುಂದಿನ ಗ್ರಾಮಸಭೆ ಯಾವತ್ತು ಅಂತ ಪಿಡಿಒ ಹತ್ತಿರ ಕೇಳಿ, ಅದಕ್ಕೆ ಎರಡು ವಾರ ಮೊದಲು ಪಟ್ಟಿ ಸಿದ್ಧ ಇರಲಿ. ಕೈಮರದ ಎಣಿಕೆಯನ್ನು ಕಾಲೇಜು ನಡೆಯುವ ದಿನಗಳಲ್ಲೇ ಮಾಡಿ, ರಜೆಯಲ್ಲಿ ಬೇಡ. ಎಣಿಸಲು ಹಟ್ಟಿಯ ಹುಡುಗಿಯರನ್ನೇ ಕೂರಿಸಿ, ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗುತ್ತಾರೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.